ಬಣ್ಣದ ನೀರಿಗೆ ಅಡಿಕೆ ಸಿಪ್ಪೆ: ತಯಾರಿ, ಪರೀಕ್ಷೆ, ವಿಲೇವಾರಿ

ಬದಿಯಡ್ಕ, ಪೆರ್ಲ, ಮಂಜೇಶ್ವರ ಕಡೆಯ ಅಧ್ಯಾಪಕರು ವಿಜ್ಞಾನ ಮೇಳ ಹತ್ತಿರವಾದಾಗಲೆಲ್ಲ ಒಂದು ಪ್ರಶ್ನೆ ಕೇಳುತ್ತಾರೆ. ನಾರಿಗೂ ಚಾಪೆಗೂ ಬಣ್ಣ ಹಾಕುವ ಮನೆಯವರದ್ದೂ ಅದೇ ಪ್ರಶ್ನೆ: ಬಣ್ಣ ಅದ್ದಿ ಉಳಿದ ನೀರನ್ನು ಅಡಿಕೆ ಸಿಪ್ಪೆಯಿಂದ ತಿಳಿ ಮಾಡಲು ಸಾಧ್ಯವೇ? ಸಾಧ್ಯ, ಆದರೆ ಎಲ್ಲ ಬಣ್ಣಗಳಿಗೂ ಅದು ಒಗ್ಗುವುದಿಲ್ಲ, ಮತ್ತು ರಾಶಿಯಿಂದ ಬಾಚಿ ತಂದ ಸಿಪ್ಪೆಯನ್ನು ಹಾಗೆಯೇ ನೀರಿಗೆ ಹಾಕಿದರೆ ನೀರು ಮೊದಲಿಗಿಂತ ಕೆಡುತ್ತದೆ. ಈ ಲೇಖನದುದ್ದಕ್ಕೂ ನೀವು ಒಂದು ಪ್ರಶ್ನೆಯನ್ನು ಕೈಬಿಡಬಾರದು: ಬಣ್ಣ ಎಲ್ಲಿಗೆ ಹೋಯಿತು? ಸಿಪ್ಪೆಯ ಮೇಲೆ ಕುಳಿತಿದೆ ಎಂದು ತೋರಿಸಿಕೊಡಲು ನಿಮಗೆ ಬಾರದಿದ್ದರೆ, ಬಾಟಲಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಕೆಲಸ ಮುಗಿದಿಲ್ಲ.

ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿದೆ. ನಮ್ಮ ಕಾಲಡಿಯ ಮುರಕಲ್ಲು ತೂತು ತೂತಾದ ಕಲ್ಲು. ಅಂಗಳದ ಬದಿಗೆ ಚೆಲ್ಲಿದ ನೀರು ಮಣ್ಣಿನಲ್ಲಿ ತಂಗದೆ ಕೆಳಗಿಳಿಯುತ್ತದೆ, ಗುಡ್ಡದ ಬುಡದಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆದ ದಾರಿ) ಬಾಯಿಂದಲೋ ಪಕ್ಕದ ಮನೆಯ ಬಾವಿಯಿಂದಲೋ ಹೊರಬರುತ್ತದೆ. ಸುರಂಗದ ನೀರನ್ನೇ ಕುಡಿದು ಬದುಕುವ ಮನೆಗಳು ಇಂದಿಗೂ ಇರುವ ಊರಿನಲ್ಲಿ, ಒಂದು ಬಾಲ್ದಿ ಬಣ್ಣದ ನೀರನ್ನು ಎಲ್ಲಿ ಚೆಲ್ಲುತ್ತೇವೆ ಎಂಬುದು ಸಣ್ಣ ವಿಷಯವಲ್ಲ.

ಮೊದಲು ತಿಳಿದಿರಬೇಕಾದ ಎರಡು ಮಾತು

ಸ್ಪಂಜು ನೀರನ್ನು ತನ್ನ ಒಳಗೆ ಸೆಳೆದುಕೊಳ್ಳುವುದು ಹೀರಿಕೆ. ಸಿಪ್ಪೆಯ ಹುಡಿ ಬಣ್ಣವನ್ನು ಹಿಡಿಯುವುದು ಬೇರೆ ಬಗೆಯಲ್ಲಿ: ಬಣ್ಣದ ಅಣುಗಳು ಹುಡಿಯ ಮೇಲ್ಮೈಗೆ ಅಂಟಿಕೊಳ್ಳುತ್ತವೆ. ಇದನ್ನು ಅಧಿಶೋಷಣೆ ಎನ್ನುತ್ತಾರೆ. ಹಾಗೆ ಅಂಟಿಸಿಕೊಳ್ಳುವ ವಸ್ತು ಅಧಿಶೋಷಕ. ಮೇಲ್ಮೈ ಹೆಚ್ಚಿದಷ್ಟೂ ಅಂಟುವ ಜಾಗ ಹೆಚ್ಚು. ತೆಂಗಿನ ಗೆರಟೆಯನ್ನು ಸುಟ್ಟು, ಸುಮಾರು 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿ ಮಾಡುವ ಸಕ್ರಿಯ ಇದ್ದಿಲಿನ ಒಂದು ಗ್ರಾಮಿನಲ್ಲಿ 500 ಚದರ ಮೀಟರಿಗೂ ಮಿಕ್ಕಿದ ಮೇಲ್ಮೈ ಇರುತ್ತದೆ. ಸುಡದ ಅಡಿಕೆ ಸಿಪ್ಪೆಗೆ ಅಂತಹ ಮೇಲ್ಮೈ ಇಲ್ಲ. ಅದರ ಬಲ ಇರುವುದು ವಿದ್ಯುದಂಶದಲ್ಲಿ.

ಎರಡನೆಯ ಮಾತು ಇದೇ ವಿದ್ಯುದಂಶದ್ದು. ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಸಸ್ಯದ್ರವ್ಯಗಳಿಂದಾದ ಸಿಪ್ಪೆಯ ಮೇಲ್ಮೈ ಸಾಧಾರಣ ನೀರಿನಲ್ಲಿ ಋಣ ವಿದ್ಯುದಂಶವನ್ನು ಪಡೆಯುತ್ತದೆ. ಆದ್ದರಿಂದ ಧನ ವಿದ್ಯುದಂಶವಿರುವ ಬಣ್ಣಗಳು ಅದಕ್ಕೆ ಬಿಗಿಯಾಗಿ ಅಂಟುತ್ತವೆ. ಅಂಗಡಿಯವರು ಇವನ್ನು ಬೇಸಿಕ್ ಬಣ್ಣಗಳು ಎನ್ನುತ್ತಾರೆ. ಮಿಥಿಲೀನ್ ಬ್ಲೂ, ಮಲಕೈಟ್ ಗ್ರೀನ್, ಕ್ರಿಸ್ಟಲ್ ವಯೊಲೆಟ್ ಈ ಗುಂಪಿನವು. ತೆಂಗಿನ ನಾರು, ಸೆಣಬು, ಚಾಪೆಯ ಓಲೆಗಳಿಗೆ ಹಾಕುವ ಗಾಢ ಬಣ್ಣಗಳಲ್ಲಿ ಹಲವು ಇದೇ ಜಾತಿಯವು. ನಾರಿಗೆ ಹಿಡಿಯುವ ಬಣ್ಣ ಸಿಪ್ಪೆಗೂ ಹಿಡಿಯುತ್ತದೆ ಎಂದು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಆದಂತೆ.

ಹತ್ತಿ ನೂಲಿನ ಬಣ್ಣಗಳ ಕಥೆ ಬೇರೆ. ರಿಯಾಕ್ಟಿವ್, ಡೈರೆಕ್ಟ್ ಮತ್ತು ಆಸಿಡ್ ಬಣ್ಣಗಳಿಗೆ ಋಣ ವಿದ್ಯುದಂಶವಿದೆ, ಸಿಪ್ಪೆ ಅವನ್ನು ದೂರ ತಳ್ಳುತ್ತದೆ. ಕೈಮಗ್ಗದವರು ಬಳಸುವ ವ್ಯಾಟ್ ಬಣ್ಣಗಳು ಗಾಳಿ ತಾಗಿದಾಗ ನೀರಿನಲ್ಲಿ ಕರಗದ ಸಣ್ಣ ಕಣಗಳಾಗುತ್ತವೆ. ಅವನ್ನು ತಂಗಿಸಿ ಸೋಸುವುದು ಸರಿಯಾದ ದಾರಿ, ಅಧಿಶೋಷಣೆಯಲ್ಲ. ಕಾಸರಗೋಡು ಸೀರೆ ನೇಯುವ ಕೆಲವರು ನೂಲಿನ ಬಣ್ಣದ ನೀರಿಗೆ ಸಿಪ್ಪೆ ಹಾಕಿ, ಏನೂ ಆಗಲಿಲ್ಲ ಎಂದು ನಿರಾಶರಾಗುವುದಕ್ಕೆ ಕಾರಣ ಇದೇ. ತಪ್ಪು ಸಿಪ್ಪೆಯದ್ದಲ್ಲ.

ನಿಮ್ಮ ಬಣ್ಣ ಯಾವುದೆಂದು ಡಬ್ಬಿಯ ಮೇಲೆ ಬರೆದಿಲ್ಲವಾದರೆ ಸ್ವೆಟರ್ ಹೆಣೆಯುವ ಬಿಳಿ ಅಕ್ರಿಲಿಕ್ ನೂಲಿನ ತುಂಡೊಂದನ್ನು ಆ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಸೋಪು ಹಾಕಿ ತೊಳೆಯಿರಿ. ನೂಲು ಗಾಢವಾಗಿ ಬಣ್ಣ ಹಿಡಿದಿದ್ದರೆ ಅದು ಹೆಚ್ಚಾಗಿ ಬೇಸಿಕ್ ಬಣ್ಣ. ನೂಲು ಬೆಳ್ಳಗೇ ಉಳಿದರೆ ಈ ಲೇಖನದ ಕ್ರಮ ನಿಮಗೆ ಒದಗುವುದಿಲ್ಲ. ಋಣ ವಿದ್ಯುದಂಶದ ಬಣ್ಣಗಳಿಗೆ ನುಗ್ಗೆ ಬೀಜದ ಸಾರವನ್ನು ಪ್ರಯತ್ನಿಸಬಹುದು, ಏಕೆಂದರೆ ಅದರ ಪ್ರೋಟೀನಿಗೆ ಧನ ವಿದ್ಯುದಂಶವಿದ್ದು ಅದು ಬಣ್ಣವನ್ನು ಗರಣೆಗಟ್ಟಿಸಿ ತಳಕ್ಕಿಳಿಸುತ್ತದೆ; ಆದರೆ ಅದು ಬೇರೆಯದೇ ವಿಧಾನ.

ಬೇಕಾಗುವ ಸಾಮಗ್ರಿ

ಚಾಲಿ ಅಡಿಕೆಯ (ಹಣ್ಣಾದ ಮೇಲೆ ಸಿಪ್ಪೆಸಹಿತ ಒಣಗಿಸಿದ ಅಡಿಕೆ) ಒಣ ಸಿಪ್ಪೆ ಒಂದು ಕಿಲೋ, ಅಡುಗೆಗೆ ಮತ್ತೆ ಬಳಸದ ಒಂದು ದೊಡ್ಡ ಪಾತ್ರೆ ಮತ್ತು ಒಂದು ಹಳೆಯ ಮಿಕ್ಸಿ, ಕತ್ತರಿ, ಎರಡು ಬಗೆಯ ಜರಡಿ, 0.01 ಗ್ರಾಮಿನವರೆಗೆ ತೂಗುವ ತಕ್ಕಡಿ, 100 ಮಿಲಿಲೀಟರ್ ಅಳತೆಯ ಜಾಡಿ, ಮುಚ್ಚಳವಿರುವ ಹತ್ತು ಹನ್ನೆರಡು ಗಾಜಿನ ಬಾಟಲಿ, ಪಿಎಚ್ ಪಟ್ಟಿ, ವಾಷಿಂಗ್ ಸೋಡಾ, ವಿನೆಗರ್, ಕೈಗವಸು, ಮುಖಗವಸು. ಶಾಲೆಯ ಪ್ರಯೋಗಕ್ಕೆ ಮಿಥಿಲೀನ್ ಬ್ಲೂ ಸಾಕು. ಕಾಂಗೋ ರೆಡ್, ಕ್ಯಾನ್ಸರ್ ತರುವ ಬೆಂಜಿಡೀನ್ ಮೂಲದ ಬಣ್ಣ. ಪುಸ್ತಕಗಳಲ್ಲಿ ಅದರ ಹೆಸರಿದ್ದರೂ ಮಕ್ಕಳ ಕೈಗೆ ಕೊಡಬೇಡಿ.

1. ಸಿಪ್ಪೆಯ ಆಯ್ಕೆ

ಮಳೆಯಲ್ಲಿ ನೆನೆದು ಕಪ್ಪಾದ, ಬೂಸುರು ಹಿಡಿದ ಸಿಪ್ಪೆ ಬೇಡ. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಿದ ತೋಟದ ಸಿಪ್ಪೆಯಾದರೆ ಹೊರ ಚೋಲಿಯ ಮೇಲೆ ಮೈಲುತುತ್ತಿನ ಅಂಶ ಉಳಿದಿರಬಹುದು. ಮೈಲುತುತ್ತೆಂದರೆ ತಾಮ್ರದ ಸಲ್ಫೇಟ್, ಮತ್ತು ನೀರಿಗಿಳಿದ ತಾಮ್ರ ಮೀನುಗಳಿಗೆ ವಿಷ. ಅಂತಹ ಸಿಪ್ಪೆಯ ಹೊರ ಚೋಲಿಯನ್ನು ತೆಗೆದು ಒಳಗಿನ ನಾರನ್ನಷ್ಟೇ ಬಳಸಿ. ಸಿಪ್ಪೆ ಸಿಗದ ಕಡೆ ತೆಂಗಿನ ನಾರಿನ ಹುಡಿಯನ್ನೂ ಇದೇ ಕ್ರಮದಲ್ಲಿ ತಯಾರಿಸಬಹುದು.

2. ಚೊಗರು ತೆಗೆಯುವುದು

ಅತಿ ಹೆಚ್ಚು ಮಂದಿ ಎಡವುವುದು ಈ ಹಂತದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

ಅಡಿಕೆಯ ಚೊಗರು ನಮಗೆಲ್ಲ ಗೊತ್ತು. ಅದರ ಮೂಲ ಟ್ಯಾನಿನ್ ಎಂಬ ಒಗರಿನ ದ್ರವ್ಯ. ಸಿಪ್ಪೆಯಲ್ಲಿಯೂ ಅದು ಇದೆ. ತೊಳೆಯದ ಸಿಪ್ಪೆಯನ್ನು ಶುದ್ಧ ನೀರಿಗೆ ಹಾಕಿಟ್ಟರೆ ಒಂದು ಗಂಟೆಯೊಳಗೆ ನೀರು ಹಾಲಿಲ್ಲದ ಚಹಾದಂತಾಗುತ್ತದೆ. ನೀಲಿ ಬಣ್ಣದ ನೀರಿಗೆ ಹಾಕಿದರೆ ನೀಲಿ ಕಡಿಮೆಯಾಗಿ ಕಂದು ಏರುತ್ತದೆ. ಕಂದು ನೀರಿನಲ್ಲಿರುವ ಸಾವಯವ ದ್ರವ್ಯ ಕೊಳೆಯುವಾಗ ನೀರಿನ ಆಮ್ಲಜನಕವನ್ನು ತಿನ್ನುತ್ತದೆ. ಒಂದು ಮಾಲಿನ್ಯವನ್ನು ತೆಗೆದು ಇನ್ನೊಂದನ್ನು ಹಾಕಿದಂತೆ.

ಸಿಪ್ಪೆಯನ್ನು ಒಂದು ಸೆಂಟಿಮೀಟರಿಗಿಂತ ಚಿಕ್ಕದಾಗಿ ಕತ್ತರಿಸಿ, ಒಂದು ಕಿಲೋಗೆ ಹತ್ತು ಲೀಟರಿನಂತೆ ನೀರು ಹಾಕಿ ಅರ್ಧ ಗಂಟೆ ಕುದಿಸಿ, ಬಸಿಯಿರಿ. ಹೊಸ ನೀರು ಹಾಕಿ ಮತ್ತೆ ಕುದಿಸಿ. ಬಸಿದ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು, ಹಿಂದೆ ಬಿಳಿ ಕಾಗದವಿಟ್ಟು ನೋಡಿದಾಗ ಬಣ್ಣ ಕಾಣದಂತಾಗುವವರೆಗೆ ಇದನ್ನು ಮುಂದುವರಿಸಬೇಕು. ಬಳಿಕ ಲೀಟರಿಗೆ 10 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ ಇನ್ನೊಮ್ಮೆ ಅರ್ಧ ಗಂಟೆ ಕುದಿಸಿದರೆ ಉಳಿದ ಟ್ಯಾನಿನ್ ಬಿಡುತ್ತದೆ, ಮೇಲ್ಮೈಯ ಋಣ ವಿದ್ಯುದಂಶವೂ ಹೆಚ್ಚುತ್ತದೆ. ತಿಳಿಯಾಗಿದೆ ಎಂದುಕೊಂಡ ಸಿಪ್ಪೆಯಿಂದ ಸೋಡಾ ನೀರಿನಲ್ಲಿ ಮತ್ತೆ ಕಡು ಕಂದು ಇಳಿಯುವುದನ್ನು ಕಂಡು ಗಾಬರಿಪಡಬೇಡಿ. ಕ್ಷಾರದಲ್ಲಿ ಅದು ಹಾಗೆಯೇ. ಇದಾದ ಮೇಲೆ ತೊಳೆದ ನೀರಿನ ಪಿಎಚ್ ಏಳರ ಹತ್ತಿರ ಬರುವವರೆಗೆ ಸಾದಾ ನೀರಿನಲ್ಲಿ ತೊಳೆಯಿರಿ. ಪಿಎಚ್ ಎಂದರೆ ನೀರಿನ ಹುಳಿ ಮತ್ತು ಕ್ಷಾರದ ಅಳತೆ: ಏಳಕ್ಕಿಂತ ಕೆಳಗೆ ಹುಳಿ, ಮೇಲೆ ಕ್ಷಾರ.

ಬಸಿದ ಕಷಾಯವನ್ನು ತೋಡಿಗೆ ಬಿಡಬೇಡಿ. ತಣಿಸಿ, ಸೋಡಾ ಇದ್ದರೆ ವಿನೆಗರಿನಿಂದ ಪಿಎಚ್ ಸರಿಪಡಿಸಿ, ನೀರು ಬೆರೆಸಿ, ಬಾವಿಯಿಂದ ದೂರದ ಗೊಬ್ಬರ ಗುಂಡಿಗೆ ಹಾಕಿ. ಬೋರ್ಡೋ ತಾಗಿದ ಚೋಲಿಯನ್ನು ತೆಗೆದಿದ್ದರೆ ಮಾತ್ರ ಇದು ಸರಿ.

3. ಒಣಗಿಸಿ ಹುಡಿ ಮಾಡುವುದು

ಬಿಸಿಲಿನಲ್ಲಿ ಮೂರು ನಾಲ್ಕು ದಿನ, ಇಲ್ಲವೇ ಪ್ರಯೋಗಾಲಯದ ಒಲೆಯಲ್ಲಿ 105 ಡಿಗ್ರಿಯಲ್ಲಿ ಒಂದು ದಿನ ಒಣಗಿಸಿ. ಉದ್ದನೆಯ ನಾರು ಮಿಕ್ಸಿಯ ಬ್ಲೇಡಿಗೆ ಸುತ್ತಿಕೊಂಡು ಮೋಟಾರು ಸುಡುವುದುಂಟು. ಸಣ್ಣದಾಗಿ ಕತ್ತರಿಸಿ, ಒಮ್ಮೆಗೆ ಒಂದು ಹಿಡಿ ಮಾತ್ರ ಹಾಕಿ ತಿರುಗಿಸಿ. ಮುಖಗವಸು ಇಲ್ಲದೆ ಈ ಕೆಲಸ ಬೇಡ.

ಹುಡಿಯನ್ನು ಚಹಾ ಸೋಸುವ ಜರಡಿಯಲ್ಲಿ ಜಾಲಿಸಿ, ಕೆಳಗೆ ಬಿದ್ದುದನ್ನು ಮೈದಾ ಜರಡಿಯಲ್ಲಿ ಮತ್ತೆ ಜಾಲಿಸಿ. ಮೈದಾ ಜರಡಿಯ ಮೇಲೆ ಉಳಿದ ಭಾಗವೇ ನಿಮಗೆ ಬೇಕಾದುದು. ಅದಕ್ಕಿಂತ ನುಣುಪಾದುದು ಬಣ್ಣವನ್ನು ಬೇಗ ಹಿಡಿಯುತ್ತದೆ, ಆದರೆ ನೀರಿನಲ್ಲಿ ತಂಗದೆ ತೇಲಿ ಕದಡುತ್ತದೆ, ಏಳನೆಯ ಹಂತದ ಕೊಳವೆಯಲ್ಲಿ ನೀರು ಕಟ್ಟಿಕೊಳ್ಳುವಂತೆಯೂ ಮಾಡುತ್ತದೆ.

ಗಾಳಿಯಾಡದ ಡಬ್ಬಿಯಲ್ಲಿಡಿ. ನಮ್ಮ ಮಳೆಗಾಲದ ಗಾಳಿಯಲ್ಲಿ ತೆರೆದಿಟ್ಟ ಹುಡಿ ತೇವ ಹಿಡಿದು ಭಾರವಾಗುತ್ತದೆ; ಜೂನ್‌ನಲ್ಲಿ ತೂಗಿದ ಒಂದು ಗ್ರಾಂ ಮತ್ತು ಜನವರಿಯಲ್ಲಿ ತೂಗಿದ ಒಂದು ಗ್ರಾಂ ಸಮವಲ್ಲ.

4. ಬಣ್ಣದ ಅಳತೆಗೋಲು

ಒಂದು ಗ್ರಾಂ ಮಿಥಿಲೀನ್ ಬ್ಲೂ ಹುಡಿಯನ್ನು ಒಂದು ಲೀಟರ್ ಭಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 1000 ಮಿಲಿಗ್ರಾಮಿನ ಮೂಲ ದ್ರಾವಣ ಸಿಗುತ್ತದೆ. ಅದರಲ್ಲಿ 50 ಮಿಲಿಲೀಟರ್ ತೆಗೆದು ಒಂದು ಲೀಟರಿಗೆ ತುಂಬಿಸಿದರೆ 50 ಮಿಲಿಗ್ರಾಮಿನ ಪ್ರಯೋಗದ ನೀರು. ಇದನ್ನು ಮತ್ತೂ ತೆಳುಮಾಡಿ 0.5, 1, 2, 3 ಮತ್ತು 5 ಮಿಲಿಗ್ರಾಮಿನ ಐದು ಬಾಟಲಿಗಳನ್ನು ಸಾಲಾಗಿ ಇಟ್ಟುಕೊಳ್ಳಿ. ಅಳೆಯಬೇಕಾದ ನೀರನ್ನು ಒಂದೇ ಗಾತ್ರದ ಬಾಟಲಿಗೆ ಹಾಕಿ, ಬಿಳಿ ಕಾಗದದ ಎದುರು ಯಾವುದರ ಜೊತೆ ಹೊಂದುತ್ತದೆ ಎಂದು ನೋಡುವುದು. ವರ್ಣಮಾಪಕ ಯಂತ್ರವಿರುವ ಕಾಲೇಜಿನವರು 664 ನ್ಯಾನೊಮೀಟರ್ ತರಂಗಾಂತರದಲ್ಲಿ ಅಳೆಯಬಹುದು.

ಬಣ್ಣ 5 ಮಿಲಿಗ್ರಾಮಿಗಿಂತ ಗಾಢವಾಗಿದ್ದರೆ ಹತ್ತು ಪಟ್ಟು ತೆಳುಮಾಡಿ ಅಳೆದು, ಬಂದ ಸಂಖ್ಯೆಯನ್ನು ಹತ್ತರಿಂದ ಗುಣಿಸಿ. ಕಡು ನೀಲಿಯಲ್ಲಿ ಕಣ್ಣೂ ಸೋಲುತ್ತದೆ, ಯಂತ್ರವೂ ಸೋಲುತ್ತದೆ.

5. ಬಾಟಲಿ ಪ್ರಯೋಗ

ಐದು ಬಾಟಲಿಗಳಿಗೆ ತಲಾ 100 ಮಿಲಿಲೀಟರಿನಂತೆ ಹೀಗೆ ಹಾಕಿ: ಒಂದನೆಯದಕ್ಕೆ ಬಣ್ಣದ ನೀರು ಮಾತ್ರ, ಎರಡನೆಯದಕ್ಕೆ ಬಣ್ಣವಿಲ್ಲದ ಶುದ್ಧ ನೀರು ಮತ್ತು 0.2 ಗ್ರಾಂ ಹುಡಿ; ಉಳಿದ ಮೂರಕ್ಕೆ ಬಣ್ಣದ ನೀರು ಮತ್ತು ಕ್ರಮವಾಗಿ 0.1, 0.2, 0.4 ಗ್ರಾಂ ಹುಡಿ. ಎರಡು ಗಂಟೆಯ ಕಾಲ ಆಗಾಗ ಕುಲುಕುತ್ತಿರಿ. 5, 15, 30, 60 ಮತ್ತು 120 ನಿಮಿಷಗಳಿಗೆ ಸ್ವಲ್ಪ ನೀರನ್ನು ತೆಗೆದು ಅಳೆದರೆ ಮೊದಲ ಅರ್ಧ ಗಂಟೆಯಲ್ಲಿ ಬಣ್ಣ ವೇಗವಾಗಿ ಇಳಿದು ಮತ್ತೆ ನಿಧಾನವಾಗುವುದು ಕಾಣುತ್ತದೆ.

ಮೊದಲ ಎರಡು ಬಾಟಲಿಗಳು ಸಾಕ್ಷಿಗಳು. ಹುಡಿಯಿಲ್ಲದ ಬಾಟಲಿಯಲ್ಲಿಯೂ ಬಣ್ಣ ಇಳಿದರೆ ಬಾಟಲಿಯ ಗೋಡೆಯೋ ಬೆಳಕೋ ಅದಕ್ಕೆ ಕಾರಣ. ಬಣ್ಣವಿಲ್ಲದ ಬಾಟಲಿ ಕಂದಾದರೆ ಎರಡನೆಯ ಹಂತವನ್ನು ಮತ್ತೆ ಮಾಡಬೇಕು. ಮೇಳದಲ್ಲಿ ಇಟ್ಟ ಎಷ್ಟೋ ಮಾದರಿಗಳಲ್ಲಿ ಈ ಎರಡು ಬಾಟಲಿಗಳೇ ಇರುವುದಿಲ್ಲ; ಅವಿಲ್ಲದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಇಲ್ಲಿ ಮೂರು ಮೋಸಗಳಿವೆ. ಮೊದಲನೆಯದು ಸೋಸು ಕಾಗದ. ಅದೂ ಸೆಲ್ಯುಲೋಸೇ ಆದ್ದರಿಂದ ಮಿಥಿಲೀನ್ ಬ್ಲೂವನ್ನು ತಾನೇ ಹಿಡಿಯುತ್ತದೆ. ಕಾಗದ ಮಾಡಿದ ಕೆಲಸ ನಿಮ್ಮ ಹುಡಿಯ ಲೆಕ್ಕಕ್ಕೆ ಬೀಳುತ್ತದೆ. ಸೋಸುವ ಬದಲು ತಂಗಲು ಬಿಟ್ಟು ಮೇಲಿನ ನೀರನ್ನು ಪಿಪೆಟ್ಟಿನಲ್ಲಿ ತೆಗೆಯಿರಿ.

ಎರಡನೆಯದು ಕ್ಷಾರ. ಮಲಕೈಟ್ ಗ್ರೀನ್ ಮತ್ತು ಕ್ರಿಸ್ಟಲ್ ವಯೊಲೆಟ್ ಕ್ಷಾರದ ನೀರಿನಲ್ಲಿ ತಾವಾಗಿಯೇ ಬಣ್ಣಗೆಡುತ್ತವೆ. ಸೋಡಾ ಸರಿಯಾಗಿ ತೊಳೆದುಹೋಗದ ಹುಡಿಯೋ ಬೂದಿಯೋ ಇದ್ದರೆ ನೀರು ಬೆಳ್ಳಗಾಗುತ್ತದೆ, ವಸ್ತು ಮಾತ್ರ ನೀರಿನಲ್ಲೇ ಇರುತ್ತದೆ. ತಿಳಿಯಾದ ನೀರಿಗೆ ವಿನೆಗರ್ ಹಾಕಿ ಪಿಎಚ್ ನಾಲ್ಕೈದಕ್ಕೆ ಇಳಿಸಿ ಸ್ವಲ್ಪ ಹೊತ್ತು ಕಾಯಿರಿ; ಬಣ್ಣ ಮರಳಿದರೆ ಅದು ಎಲ್ಲಿಗೂ ಹೋಗಿರಲಿಲ್ಲ.

ಮೂರನೆಯದು ಕೊಳೆಯುವಿಕೆ. ಹುಡಿ ಮತ್ತು ಮಿಥಿಲೀನ್ ಬ್ಲೂ ಇರುವ ಬಾಟಲಿಯನ್ನು ಮುಚ್ಚಿ ಎರಡು ಮೂರು ದಿನ ಬಿಟ್ಟರೆ ಸೂಕ್ಷ್ಮಜೀವಿಗಳು ಆಮ್ಲಜನಕವನ್ನು ಮುಗಿಸಿ ಬಣ್ಣವನ್ನು ಬಣ್ಣವಿಲ್ಲದ ರೂಪಕ್ಕೆ ತಿರುಗಿಸುತ್ತವೆ. ಹಾಲಿನ ಗುಣಮಟ್ಟ ನೋಡಲು ಮಿಥಿಲೀನ್ ಬ್ಲೂ ಬಳಸುವುದು ಇದೇ ತತ್ತ್ವದ ಮೇಲೆ. ಮುಚ್ಚಳ ತೆರೆದು ಚೆನ್ನಾಗಿ ಕುಲುಕಿದರೆ ನೀಲಿ ಮರಳುತ್ತದೆ. ಆದ್ದರಿಂದ ಪ್ರಯೋಗವನ್ನು ಅದೇ ದಿನ ಮುಗಿಸಿ, ಅಳೆಯುವ ಮೊದಲು ನೀರಿಗೆ ಗಾಳಿ ತಾಗಿಸಿ.

ಕೊನೆಗೆ ಹುಡಿಯನ್ನೇ ನೋಡಿ. ಭೂತಗನ್ನಡಿಯಲ್ಲಿ ಹಿಡಿದರೆ ಪ್ರತಿಯೊಂದು ನಾರಿನ ಎಳೆಯೂ ನೀಲಿಯಾಗಿರಬೇಕು, ಕತ್ತರಿಸಿದ ತುದಿಗಳಲ್ಲಿ ನೀಲಿ ಇನ್ನೂ ಕಡುವಾಗಿ ಕಾಣಬೇಕು. ಬಣ್ಣ ಎಲ್ಲಿಗೆ ಹೋಯಿತೆಂಬುದಕ್ಕೆ ಇದು ಕಣ್ಣೆದುರಿನ ಉತ್ತರ.

6. ಲೆಕ್ಕ

ಒಂದು ಗ್ರಾಂ ಹುಡಿ ಎಷ್ಟು ಮಿಲಿಗ್ರಾಂ ಬಣ್ಣವನ್ನು ಹಿಡಿಯಿತು ಎಂಬುದನ್ನು ಹೀಗೆ ತಿಳಿಯಿರಿ: ಆರಂಭದ ಸಾಂದ್ರತೆಯಿಂದ (ಲೀಟರಿಗೆ ಎಷ್ಟು ಮಿಲಿಗ್ರಾಂ ಬಣ್ಣ) ಉಳಿದ ಸಾಂದ್ರತೆಯನ್ನು ಕಳೆದು, ನೀರಿನ ಲೀಟರಿನಿಂದ ಗುಣಿಸಿ, ಹುಡಿಯ ಗ್ರಾಮಿನಿಂದ ಭಾಗಿಸುವುದು. ಉದಾಹರಣೆಗೆ 0.2 ಗ್ರಾಂ ಹಾಕಿದ ಬಾಟಲಿಯಲ್ಲಿ 50 ಮಿಲಿಗ್ರಾಂ ಇದ್ದದ್ದು 5ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳಿ. 45ನ್ನು 0.1 ಲೀಟರಿನಿಂದ ಗುಣಿಸಿ 0.2ರಿಂದ ಭಾಗಿಸಿದರೆ ಗ್ರಾಮಿಗೆ 22.5 ಮಿಲಿಗ್ರಾಂ, ಬಣ್ಣ ಇಳಿದದ್ದು ಶೇ. 90. ಇನ್ನು 0.4 ಗ್ರಾಂ ಹಾಕಿದ್ದರಲ್ಲಿ 2 ಮಿಲಿಗ್ರಾಂ ಉಳಿದಿದ್ದರೆ ಶೇ. 96 ಇಳಿದಂತಾಯಿತು, ಆದರೆ ಗ್ರಾಮಿನ ಲೆಕ್ಕ 12ಕ್ಕೆ ಕುಸಿಯಿತು. ಹುಡಿ ಎರಡು ಪಟ್ಟಾದರೂ ಲಾಭ ಬರೀ ಆರು ಅಂಶ. ಶೇಕಡಾವನ್ನು ಮಾತ್ರ ಹೇಳಿ ಗ್ರಾಮಿನ ಲೆಕ್ಕವನ್ನು ಬಿಡುವ ವರದಿಯನ್ನು ಅಪೂರ್ಣವೆಂದೇ ತಿಳಿಯಬೇಕು.

7. ಕೊಳವೆಯಲ್ಲಿ ಹರಿಸುವುದು

ದಿನವೂ ಬಣ್ಣ ಹಾಕುವವರಿಗೆ ಬಾಟಲಿ ಸಾಲದು. 10 ಸೆಂಟಿಮೀಟರ್ ಅಗಲದ ಪಿವಿಸಿ ಪೈಪಿನ ತಳಕ್ಕೆ ಬಲೆ, ಅದರ ಮೇಲೆ ಜಲ್ಲಿ, ಮರಳು, ಬಳಿಕ 60 ಸೆಂಟಿಮೀಟರ್ ಎತ್ತರಕ್ಕೆ ಹುಡಿ ತುಂಬಿಸಿ. ಹುಡಿಯನ್ನು ಹಿಂದಿನ ರಾತ್ರಿಯೇ ನೆನೆಸಿಡಬೇಕು. ಒಣ ಹುಡಿ ಪೈಪಿನೊಳಗೆ ಉಬ್ಬಿದರೆ ನೀರು ಕಟ್ಟಿಕೊಳ್ಳುತ್ತದೆ. ಮೊದಲ ಸಲ ಶುದ್ಧ ನೀರನ್ನು ಕೆಳಗಿನಿಂದ ಮೇಲಕ್ಕೆ ತುಂಬಿಸಿದರೆ ಒಳಗಿನ ಗಾಳಿ ಹೊರಹೋಗುತ್ತದೆ. ಗಾಳಿಗುಳ್ಳೆ ಉಳಿದಲ್ಲಿ ನೀರು ಅದನ್ನು ಬಳಸಿ ಒಂದೇ ಬದಿಯಿಂದ ಹರಿದು, ಮುಕ್ಕಾಲು ಪಾಲು ಹುಡಿ ಕೆಲಸಕ್ಕೇ ಬರುವುದಿಲ್ಲ. ಹೊರಬರುವ ನಳಿಕೆಯನ್ನು ಹುಡಿಯ ಮಟ್ಟಕ್ಕಿಂತ ಮೇಲೆ ಬಾಗಿಸಿ ಕಟ್ಟಿದರೆ ಹುಡಿ ಸದಾ ನೀರಿನಲ್ಲಿ ಮುಳುಗಿರುತ್ತದೆ.

ಇಷ್ಟು ಹುಡಿಯ ಗಾತ್ರ ಸುಮಾರು 4.7 ಲೀಟರ್. ನೀರು ಅದರಲ್ಲಿ ಅರ್ಧ ಗಂಟೆ ತಂಗಬೇಕಾದರೆ ನಿಮಿಷಕ್ಕೆ 150 ಮಿಲಿಲೀಟರಿಗಿಂತ ಹೆಚ್ಚು ಬಿಡಬಾರದು. ಅವಸರ ಮಾಡಿದರೆ ಬಣ್ಣ ಜಾರಿಹೋಗುತ್ತದೆ.

ಬಾಳಿಕೆಯ ಅಂದಾಜಿಗೆ ಬಾಟಲಿಯ ಲೆಕ್ಕವನ್ನು ಅರ್ಧ ಮಾಡಿಕೊಳ್ಳಿ. ಒಂದು ಕಿಲೋ ಹುಡಿ ಗ್ರಾಮಿಗೆ 20 ಮಿಲಿಗ್ರಾಂ ಹಿಡಿಯುವುದಾದರೆ ಒಟ್ಟು 20 ಗ್ರಾಂ ಬಣ್ಣ. ಲೀಟರಿಗೆ 50 ಮಿಲಿಗ್ರಾಂ ಇರುವ 400 ಲೀಟರ್ ನೀರಿಗೆ ಅದು ಸಾಕೆಂದು ಲೆಕ್ಕ ಹೇಳಿದರೂ 200 ಲೀಟರಿಗೇ ನಿಲ್ಲಿಸುವುದು ಲೇಸು. ಪ್ರತಿ ಹತ್ತು ಲೀಟರಿಗೆ ಒಂದು ಬಾಟಲಿಯಂತೆ ಹೊರಬಂದ ನೀರನ್ನು ಹಿಡಿದು ಕಿಟಕಿಯ ದಳಿಯ ಮೇಲೆ ಸಾಲಾಗಿ ಇಡಿ. ಒಳಹೋಗುವ ಬಣ್ಣದ ಹತ್ತನೇ ಒಂದು ಪಾಲು ಹೊರಗೆ ಕಾಣಿಸಿದ ಕೂಡಲೇ ಹುಡಿ ಬದಲಾಯಿಸಬೇಕು. ಎರಡು ಪೈಪುಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ಮೊದಲನೆಯದು ಸೋತಾಗ ಎರಡನೆಯದು ಕಾಯುತ್ತದೆ.

8. ಹೊರಬಂದ ನೀರು

ಈ ನೀರು ಕುಡಿಯಲು, ಪಾತ್ರೆ ತೊಳೆಯಲು, ದನಗಳಿಗೆ ಕೊಡಲು ಬೇಡ. ಮುಂದಿನ ಸಲದ ಬಣ್ಣದ ಮೊದಲ ತೊಳೆತಕ್ಕೆ ಬಳಸುವುದು ಉತ್ತಮ. ಸಿಪ್ಪೆ ಬಣ್ಣವನ್ನು ಹಿಡಿಯುತ್ತದೆಯೇ ಹೊರತು ಉಪ್ಪನ್ನಲ್ಲ. ತಮಿಳುನಾಡಿನ ತಿರುಪ್ಪೂರಿನಲ್ಲಿ ನೊಯ್ಯಲ್ ನದಿಯನ್ನು ಕೆಡಿಸಿದ್ದು ಬಣ್ಣ ಮಾತ್ರವಲ್ಲ, ಬಣ್ಣ ಹಾಕುವಾಗ ಬಳಸಿದ ಉಪ್ಪು ಕೂಡ. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಅಲ್ಲಿನ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸುವವರೆಗೂ ಅದು ಹೋಯಿತು. ಜೊತೆಗೆ, ನೀರಿನಲ್ಲಿ ಉಪ್ಪು ಹೆಚ್ಚಿದ್ದರೆ ಅದರ ಸೋಡಿಯಂ ಹುಡಿಯ ಮೇಲಿನ ಜಾಗಕ್ಕಾಗಿ ಬಣ್ಣದೊಡನೆ ಸ್ಪರ್ಧಿಸಿ ನಿಮ್ಮ ಗ್ರಾಮಿನ ಲೆಕ್ಕವನ್ನೂ ತಗ್ಗಿಸುತ್ತದೆ.

ವ್ಯಾಪಾರಕ್ಕಾಗಿ ಬಣ್ಣ ಹಾಕುವವರು 1974ರ ಜಲ ಮಾಲಿನ್ಯ ನಿಯಂತ್ರಣ ಕಾಯಿದೆಯಂತೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಪಡೆಯಬೇಕು. ತೋಡು, ಹೊಳೆಗೆ ಬಿಡುವ ನೀರಿಗೆ ಸಾಮಾನ್ಯ ಮಾನದಂಡಗಳಿವೆ: ಪಿಎಚ್ 5.5ರಿಂದ 9ರೊಳಗೆ, ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ, ರಾಸಾಯನಿಕ ಆಮ್ಲಜನಕ ಬೇಡಿಕೆ 250 ಮಿಲಿಗ್ರಾಂ ಮೀರಬಾರದು. ಮೊದಲನೆಯ ಬೇಡಿಕೆ ಸೂಕ್ಷ್ಮಜೀವಿಗಳು ಕೊಳೆಯನ್ನು ತಿನ್ನಲು ಬಳಸುವ ಆಮ್ಲಜನಕ, ಎರಡನೆಯದು ಅದನ್ನು ರಾಸಾಯನಿಕವಾಗಿ ಸುಡಲು ಬೇಕಾದುದು. ಚೊಗರು ಬಿಡುವ ಸಿಪ್ಪೆ ಇವೆರಡನ್ನೂ ಏರಿಸುತ್ತದೆ ಎಂಬುದಕ್ಕಾಗಿಯೇ ಎರಡನೆಯ ಹಂತವನ್ನು ಅಷ್ಟು ಒತ್ತಿ ಹೇಳಿದ್ದು.

9. ಬಣ್ಣ ಹಿಡಿದ ಹುಡಿ

ನೀರಿನಿಂದ ಹೋದ ಬಣ್ಣವೆಲ್ಲ ಈಗ ಇಲ್ಲಿದೆ. ಇದನ್ನು ಅಡಿಕೆ ಮರದ ಬುಡಕ್ಕೆ, ಹಟ್ಟಿಗೊಬ್ಬರಕ್ಕೆ ಹಾಕಬೇಡಿ. ಹುಳಿ ನೀರೋ ಉಪ್ಪು ನೀರೋ ತಾಗಿದರೆ ಬಣ್ಣ ಮತ್ತೆ ಬಿಡುತ್ತದೆ, ಮತ್ತು ನಮ್ಮ ಮಳೆಗೆ ಅದು ಮುರಕಲ್ಲಿನೊಳಗೆ ಇಳಿಯಲು ಹೆಚ್ಚು ದಿನ ಬೇಡ. ಬಚ್ಚಲ ಒಲೆಗೆ ಹಾಕಿ ಸುಡುವುದೂ ಬೇಡ, ಆ ಹೊಗೆ ಮನೆಯವರ ಶ್ವಾಸಕ್ಕೇ ಹೋಗುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ, ಸೂರಿನಡಿ ಒಣಗಿಸಿ, ದಪ್ಪ ಚೀಲದಲ್ಲಿ ಕಟ್ಟಿ, ಬಣ್ಣದ ಹೆಸರು, ಹುಡಿಯ ತೂಕ, ಹರಿಸಿದ ನೀರಿನ ಲೀಟರ್, ತಾರೀಕು ಬರೆದು ಮಳೆ ತಾಗದಲ್ಲಿ ಇಡಿ. ಶಾಲೆಯದಾದರೆ ಪ್ರಯೋಗಾಲಯದ ರಾಸಾಯನಿಕ ತ್ಯಾಜ್ಯದ ಜೊತೆ ಸೇರಿಸಿ. ಘಟಕದ್ದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಮೂಲಕ ಅಧಿಕೃತ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಕಳುಹಿಸಬೇಕು. ಚೀಲ ಕಟ್ಟುವ ಮೊದಲು ಹುಡಿ ಪೂರ್ತಿ ಒಣಗಿದೆಯೇ ಎಂದು ಕೈಗವಸು ಹಾಕಿ ಮುಟ್ಟಿ ನೋಡಿ; ಹಸಿ ಹುಡಿ ಚೀಲದೊಳಗೆ ಕೊಳೆತು, ಚೀಲದ ಮೂಲೆಯಿಂದ ನೀಲಿ ನೀರು ಜಿನುಗುತ್ತದೆ.